ಎರಡು ಸರ್ವರ್, ಒಂದೇ ಡಿಸ್ಕ್: ಸ್ಟೋನಿತ್ ಆಫ್ ಮಾಡಿ ಕೆಟ್ಟೆ

ಶನಿವಾರ ಬೆಳಿಗ್ಗೆ 11 ಗಂಟೆ. ಬಿಲ್ಲಿಂಗ್ ಹುಡುಗ ಎರಡು ಬಿಲ್ ಹಿಡಿದು ನನ್ನ ಟೇಬಲ್ ಹತ್ತಿರ ಬಂದ. "ಸಾರ್, ಎರಡಕ್ಕೂ ಒಂದೇ ನಂಬರ್ ಬಂದಿದೆ ನೋಡಿ." ಒಂದು 2ನೇ ಕೌಂಟರಿನದು, ಇನ್ನೊಂದು 5ನೆಯದರದು. ಗಿರಾಕಿ ಬೇರೆ, ಮೊತ್ತ ಬೇರೆ, ನಂಬರ್ ಮಾತ್ರ ಒಂದೇ. ಪ್ರಿಂಟರ್ ತೊಂದರೆ ಇರಬೇಕು ಅಂದು ಸುಮ್ನೆ ಕಳಿಸಿಬಿಟ್ಟೆ. ತಕ್ಷಣ ಎದ್ದು ನೋಡಿದ್ದರೆ ಅರ್ಧ ಡೇಟಾ ಆದರೂ ಉಳಿಯುತ್ತಿತ್ತೇನೋ.

ನಾನಾಗ ಒಂದು ಹೋಲ್‌ಸೇಲ್ ಕಂಪನಿಯ ಸರ್ವರ್ ನೋಡಿಕೊಳ್ಳುತ್ತಿದ್ದೆ. ಸರ್ವರ್ ಕೆಟ್ಟರೂ ಬಿಲ್ ನಿಲ್ಲಬಾರದು ಅಂತ ಮಾಲೀಕರ ಆಸೆ. ಎರಡು ಸರ್ವರ್, ಎರಡಕ್ಕೂ ಸೇರಿ ಒಂದು ಸ್ಟೋರೇಜ್ ಬಾಕ್ಸ್, ಮೇಲೆ ಎರಡನ್ನೂ ಒಂದು ಜೋಡಿಯಾಗಿ (ಕ್ಲಸ್ಟರ್) ನಡೆಸುವ ಸಾಫ್ಟ್‌ವೇರ್‌ಗಳಾದ ಪೇಸ್‌ಮೇಕರ್ ಮತ್ತು ಕೋರೋಸಿಂಕ್. ಒಂದು ನೋಡ್ (ಅಂದರೆ ಜೋಡಿಯ ಒಂದು ಸರ್ವರ್) ಬಿದ್ದರೆ ಇನ್ನೊಂದು ಅದೇ ಡಿಸ್ಕ್ ಮೌಂಟ್ ಮಾಡಿ, ಅಂದರೆ ತನ್ನ ಬಳಕೆಗೆ ಜೋಡಿಸಿಕೊಂಡು, ಅದೇ ಐಪಿ ವಿಳಾಸ ತಗೊಂಡು, ಬಿಲ್‌ಗಳಿರುವ ಡೇಟಾಬೇಸ್ ಪೋಸ್ಟ್‌ಗ್ರೆಸ್ ಎಬ್ಬಿಸಬೇಕು.

ಸೆಟಪ್ ಮಾಡುವಾಗ ಪೇಸ್‌ಮೇಕರ್ ಡಿಸ್ಕ್, ಐಪಿ, ಡೇಟಾಬೇಸ್ ಯಾವುದನ್ನೂ ಶುರು ಮಾಡಲಿಲ್ಲ. ಸ್ಟೋನಿತ್ ಡಿವೈಸ್ ಇಲ್ಲ ಅಂತ ಅದರ ತಕರಾರು. ಸ್ಟೋನಿತ್ ಅಂದರೆ ಉತ್ತರ ಕೊಡದ ನೋಡ್‌ನ ಕರೆಂಟನ್ನೇ ತೆಗೆಯುವ ಏರ್ಪಾಡು. ನಾನು 'ಸ್ಟೋನಿತ್-ಎನೇಬಲ್ಡ್=ಫಾಲ್ಸ್' ಅಂತ ಒಂದು ಸಾಲು ಕೊಟ್ಟೆ. ಎಲ್ಲ ಸರಿಹೋಯಿತು. ಸರ್ವರ್ ಮಾರಿದವರೂ "ಆಮೇಲೆ ಆನ್ ಮಾಡಿದರಾಯ್ತು" ಅಂದರು. ಆ 'ಆಮೇಲೆ' ಬರಲೇ ಇಲ್ಲ.

ಹಾರ್ಟ್‌ಬೀಟ್‌ಗೆ, ಅಂದರೆ ನೋಡ್‌ಗಳು 'ಬದುಕಿದ್ದೇನೆ' ಅಂತ ಒಂದಕ್ಕೊಂದು ಹೇಳಿಕೊಳ್ಳಲು, ಎರಡು ಕೇಬಲ್ ಎಳೆದಿದ್ದೆ. ಆದರೆ ಎರಡೂ ಹೋಗಿದ್ದು ಒಂದೇ ಪುಟ್ಟ ಸ್ವಿಚ್‌ಗೆ. ಅವತ್ತು ಅದರ ಅಡಾಪ್ಟರ್ ಸಡಿಲಾಗಿ ಕಳಚಿಬಿತ್ತು, ಅಷ್ಟೇ. ಆಫೀಸ್ ನೆಟ್‌ವರ್ಕ್ ಚೆನ್ನಾಗಿತ್ತು, ಸ್ಟೋರೇಜ್ ಕೇಬಲ್‌ಗಳೂ ಚೆನ್ನಾಗಿದ್ದವು. ಫೋನ್ ಎತ್ತಲಿಲ್ಲ ಅಂದರೆ ಆಸಾಮಿ ಸತ್ತ ಅಂತಲ್ಲ, ಅಲ್ವಾ? ಆದರೆ ಎರಡನೇ ನೋಡ್ ಮೊದಲನೆಯದು ಸತ್ತೇ ಹೋಯಿತು ಅಂದುಕೊಂಡಿತು. ಕೋರೋಸಿಂಕ್‌ನಲ್ಲಿ 'ಟೂ ನೋಡ್' ಸೆಟ್ಟಿಂಗ್ ಹಾಕಿದ್ದರಿಂದ ಒಂಟಿಯಾಗಿದ್ದರೂ ಅದಕ್ಕೆ ಕೋರಂ (ಕೆಲಸ ನಡೆಸಲು ಬೇಕಾದ ಬಹುಮತ) ಇತ್ತು. ಮೊದಲನೆಯದು ಇನ್ನೂ ಬರೆಯುತ್ತಿದ್ದ ಡಿಸ್ಕನ್ನೇ ಮೌಂಟ್ ಮಾಡಿತು.

ಡಿಸ್ಕ್ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಇಎಕ್ಸ್‌ಟಿ4. ಅದು ಒಂದು ಸಲಕ್ಕೆ ಒಂದೇ ಮಷೀನ್ ಬರೆಯುತ್ತದೆ ಅಂತ ನಂಬಿ ಕೆಲಸ ಮಾಡುತ್ತದೆ. ಎರಡು ಕಡೆಯಿಂದ ಬರೆಯಬೇಕು ಅಂದರೆ ಜಿಎಫ್‌ಎಸ್2, ಒಸಿಎಫ್‌ಎಸ್2 ತರಹದ್ದು ಬೇಕು. ಪೋಸ್ಟ್‌ಗ್ರೆಸ್ ಆದರೂ ತಡೆಯಬಾರದಿತ್ತೇ ಅನ್ನಬಹುದು. 'ಈಗಾಗಲೇ ಓಡುತ್ತಿದ್ದೇನೆ' ಅಂತ ಅದು ಇಡುವ ಲಾಕ್ ಫೈಲ್‌ನಲ್ಲಿ ಮುಖ್ಯವಾಗಿ ಇರುವುದು ಒಂದು ಪ್ರಾಸೆಸ್ ನಂಬರ್, ಅಂದರೆ ಓಡುತ್ತಿರುವ ಪ್ರೋಗ್ರಾಮ್‌ನ ನಂಬರ್. ಆ ನಂಬರಿನ ಪ್ರಾಸೆಸ್ ತನ್ನ ಮಷೀನ್‌ನಲ್ಲಿ ಇಲ್ಲ ಅಂತ ನೋಡಿಕೊಂಡು ಅದು ಆರಾಮಾಗಿ ಶುರುವಾಯಿತು. ಪಕ್ಕದ ಮಷೀನ್‌ನಲ್ಲಿ ಅದೇ ಪ್ರಾಸೆಸ್ ಓಡುತ್ತಿರುವುದು ಅದಕ್ಕೆ ಕಾಣಬೇಕಲ್ಲ!

ಒಂದೇ ಐಪಿ ಎರಡು ಕಡೆ. ಕೆಲವು ಕೌಂಟರ್ ಈ ನೋಡ್‌ಗೆ, ಕೆಲವು ಆ ನೋಡ್‌ಗೆ. ಒಂದೇ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಕಣ್ಣುಮುಚ್ಚಿ ಬರೆದ ಹಾಗೆ.

ಎರಡೂ ನೋಡ್‌ನಲ್ಲಿ ಎಲ್ಲ ನಿಲ್ಲಿಸಿ, ಕೆಟ್ಟ ಫೈಲ್ ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸಿದೆ. ಮುಗಿದಾಗ ಲಾಸ್ಟ್+ಫೌಂಡ್ ಫೋಲ್ಡರ್ ತುಂಬಾ # ಗುರುತು, ಅದರ ಮುಂದೆ ಒಂದು ನಂಬರ್. ಹೆಸರಿಲ್ಲದ ನೂರಾರು ಫೈಲ್. ಸ್ಟೋರೇಜ್‌ನ ರೇಡ್ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ಏರ್ಪಾಡು) ಮಾತ್ರ ಫಸ್ಟ್ ಕ್ಲಾಸ್ ಆಗಿತ್ತು, ಕೆಟ್ಟ ಡೇಟಾವನ್ನೇ ಚೊಕ್ಕವಾಗಿ ಕಾಪಾಡಿಕೊಂಡಿತ್ತು. ಹಿಂದಿನ ರಾತ್ರಿ 2 ಗಂಟೆಯ ಡಂಪ್ (ಡೇಟಾಬೇಸ್‌ನ ಪ್ರತಿ) ಬೇರೆ ಮಷೀನ್‌ನಲ್ಲಿ ಇದ್ದದ್ದೇ ಪುಣ್ಯ. ಶನಿವಾರ ಬೆಳಗಿನ ಬಿಲ್‌ಗಳನ್ನೆಲ್ಲ ಕಾರ್ಬನ್ ಪ್ರತಿ ನೋಡಿ ಮತ್ತೆ ಹೊಡೆದರು. ಭಾನುವಾರ ರಜೆ ಬಿಟ್ಟು ಬಂದು ಕೂತ ಆ ಹುಡುಗನ ಮುಖ ನೋಡಲು ನನಗೆ ಆಗಲಿಲ್ಲ.

ಆಮೇಲೆ ಐಪಿಎಂಐ (ಸರ್ವರ್ ಒಳಗೇ ಇದ್ದು ದೂರದಿಂದ ಅದನ್ನು ಆಫ್-ಆನ್ ಮಾಡಿಸುವ ಚಿಪ್) ಮೂಲಕ ಫೆನ್ಸಿಂಗ್, ಅಂದರೆ ಅದೇ ಸ್ಟೋನಿತ್, ಹಾಕಿದೆ. ಇಬ್ಬರೂ ಒಟ್ಟಿಗೆ ಒಬ್ಬರನ್ನೊಬ್ಬರು ಆಫ್ ಮಾಡದಿರಲಿ ಅಂತ ಒಂದು ಕಡೆ ಡಿಲೇ ಕೊಟ್ಟೆ. ಒಂದು ಹಾರ್ಟ್‌ಬೀಟ್ ಕೇಬಲ್ಲನ್ನು ನೋಡ್‌ನಿಂದ ನೋಡ್‌ಗೆ ನೇರವಾಗಿ ಎಳೆದೆ. ಟೆಸ್ಟ್ ಮಾಡೋಣ ಅಂತ ಮೊದಲ ನೋಡ್‌ನ ಎರಡೂ ಪವರ್ ಕೇಬಲ್ ಕಿತ್ತರೆ ಕ್ಲಸ್ಟರ್ ಅಲ್ಲೇ ನಿಂತುಬಿಟ್ಟಿತು! ಐಪಿಎಂಐ ಚಿಪ್‌ಗೂ ಕರೆಂಟ್ ಬರುವುದು ಅದೇ ಪವರ್ ಸಪ್ಲೈನಿಂದ. ಅದೂ ಸತ್ತಿತ್ತು. "ಆಫ್ ಆಯ್ತು" ಅಂತ ಹೇಳುವವರೇ ಇಲ್ಲ. ಅದಕ್ಕೇ ಎರಡನೇ ಹಂತವಾಗಿ, ನೆಟ್‌ವರ್ಕ್‌ನಿಂದಲೇ ಆಫ್ ಮಾಡಬಹುದಾದ ಪ್ಲಗ್ ಪಟ್ಟಿ (ಪಿಡಿಯು) ತರಿಸಬೇಕಾಯಿತು.

ನಿಮ್ಮಲ್ಲಿ ಎರಡು ನೋಡ್ ಇದ್ದರೆ ಇವತ್ತೇ ಪೇಸ್‌ಮೇಕರ್ ಪ್ರಾಪರ್ಟಿ ಪಟ್ಟಿಯಲ್ಲಿ ಆ ಸ್ಟೋನಿತ್ ಸಾಲು ನೋಡಿ. ಫಾಲ್ಸ್ ಅಂತಿದ್ದರೆ, ಫೆನ್ಸಿಂಗ್ ಹಾಕುವವರೆಗೆ ಎರಡನೇ ನೋಡ್‌ನಲ್ಲಿ ಕ್ಲಸ್ಟರ್ ಸರ್ವಿಸ್ ನಿಲ್ಲಿಸಿ, ಬೂಟ್ ಆದಾಗಲೂ ತಾನಾಗಿ ಏಳದ ಹಾಗೆ ಮಾಡಿಡಿ. ಒಂದೇ ಸರ್ವರ್ ಓಡಲಿ. ಅದು ಬಿದ್ದರೆ ಬಿಲ್ ಒಂದರ್ಧ ಗಂಟೆ ನಿಲ್ಲುತ್ತದೆ, ಮಾಲೀಕರ ಬೈಗುಳ ತಿಂದರಾಯಿತು.