ಮಗು ಜೊತೆ ಒಬ್ರೇ ಹೊರಟ್ರೆ ರೌಂಡ್ ದಿ ವರ್ಲ್ಡ್ ಟಿಕೆಟ್ ತಗೋಬೋದಾ? ಬಳಸಿದ ಮೇಲೆ ಬರೆದ ರಿವ್ಯೂ

ಈ ಟಿಕೆಟ್ ಬಗ್ಗೆ ಸಿಗೋ ರಿವ್ಯೂಗಳಲ್ಲಿ ಮುಕ್ಕಾಲು ಪಾಲು ಬೆನ್ನಿಗೊಂದು ಬ್ಯಾಗ್ ಹಾಕ್ಕೊಂಡು ಒಬ್ರೇ ಸುತ್ತಿದವರದ್ದು, ಉಳಿದಿದ್ದು ಪಾಯಿಂಟ್ಸ್ ಲೆಕ್ಕ ಹಾಕಿ ಬಿಸಿನೆಸ್ ಕ್ಲಾಸಲ್ಲಿ ಕಾಲು ಚಾಚೋರದ್ದು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಎರಡು ಪಾಸ್‌ಪೋರ್ಟ್, ಜೊತೆಗೆ ಬೇರೆ ದೊಡ್ಡವರು ಯಾರೂ ಇಲ್ಲ, ಅಂಥವರಿಗೆ ಇದು ಹೇಗೆ ಕೆಲಸ ಮಾಡತ್ತೆ ಅಂತ ಹುಡುಕಿದ್ರೆ ಏನೂ ಸಿಗಲ್ಲ. ನಾನು ಎಂಟು ವರ್ಷದ ಮಗಳನ್ನ ಕರ್ಕೊಂಡು ಇದೇ ಟಿಕೆಟಲ್ಲಿ ಸುತ್ತಿದವಳು, ಅದಕ್ಕೆ ಬರೀತಿದೀನಿ. ಮೊದಲೇ ಹೇಳ್ಬಿಡ್ತೀನಿ, 5ಕ್ಕೆ ಮೂರೂವರೆ. ಜಾಹೀರಾತಲ್ಲಿ ಯಾವುದನ್ನ ದೊಡ್ಡದಾಗಿ ತೋರಿಸ್ತಾರೋ ಅದು ನಮ್ಮಂಥವರಿಗೆ ಅಷ್ಟೇನೂ ಉಪಯೋಗ ಇಲ್ಲ, ಯಾವುದನ್ನ ಸಣ್ಣಕ್ಷರದಲ್ಲಿ ಕೆಳಗೆ ಹಾಕಿರ್ತಾರೋ ಅದೇ ನಮ್ಮನ್ನ ಕಾಪಾಡೋದು.

ಗೊತ್ತಿಲ್ಲದೋರಿಗೆ ಚಿಕ್ಕದಾಗಿ: ಒಂದು ಕಡೆಯಿಂದ ಹೊರಟು, ಪೂರ್ವಕ್ಕೋ ಪಶ್ಚಿಮಕ್ಕೋ ಒಂದೇ ದಿಕ್ಕಲ್ಲಿ ಹೋಗ್ತಾ, ಅಟ್ಲಾಂಟಿಕ್ಕನ್ನೂ ಪೆಸಿಫಿಕ್ಕನ್ನೂ ದಾಟಿ, ಹೊರಟ ದೇಶಕ್ಕೇ ವಾಪಸ್ ಬರ್ಬೇಕು, ಎಲ್ಲಾ ಒಂದು ವರ್ಷದೊಳಗೆ. ಸ್ಟಾರ್ ಅಲಯನ್ಸ್ ಅನ್ನೋ ಏರ್‌ಲೈನ್ ಗುಂಪಿನದು ಮೈಲಿ ಲೆಕ್ಕ, ಒಟ್ಟು 29,000, 34,000, 39,000 ಮೈಲಿವರೆಗೆ ಅಂತ ಹಂತಗಳು. ವನ್‌ವರ್ಲ್ಡ್ ಅನ್ನೋ ಇನ್ನೊಂದು ಗುಂಪಿನ ವನ್‌ವರ್ಲ್ಡ್ ಎಕ್ಸ್‌ಪ್ಲೋರರ್ ಅನ್ನೋದು ಖಂಡಗಳ ಲೆಕ್ಕ, ಮೂರರಿಂದ ಆರು ಖಂಡ, ಒಟ್ಟು 16 ಸೆಗ್ಮೆಂಟ್ ಒಳಗೆ (ಸೆಗ್ಮೆಂಟ್ ಅಂದ್ರೆ ದಾರಿಯ ಒಂದೊಂದು ಹಾರಾಟ). ಮೈಲಿ ಲೆಕ್ಕದ್ದು ಕೇಳೋಕೆ ಭಾರಿ ಅನ್ಸತ್ತೆ, ಆದ್ರೆ ಭೂಮಧ್ಯರೇಖೆಯಲ್ಲಿ ಒಂದು ಸುತ್ತು ಹಾಕಿದ್ರೇನೇ 24,900 ಮೈಲಿ ಆಗೋಗತ್ತೆ, ಸೋ 29,000ದಲ್ಲಿ ದಕ್ಷಿಣ ಅಮೆರಿಕವನ್ನೂ ನ್ಯೂಜಿಲೆಂಡನ್ನೂ ಎರಡನ್ನೂ ಸೇರಿಸೋಕೆ ಹೋದ್ರೆ ಕಷ್ಟ. ಕೆಳಗಿನ ಅರ್ಧಗೋಳದ ಆಸೆ ಜಾಸ್ತಿ ಇದ್ರೆ ಖಂಡದ ಲೆಕ್ಕದ್ದೇ ವಾಸಿ.

ಈಗ ಸ್ಟಾಪ್ ವಿಷ್ಯ. ಹದಿನೈದು ಊರು ನೋಡ್ಬೋದು ಅಂತ ಹೇಳಿನೇ ಇದನ್ನ ಮಾರೋದು. ಮಗು ಇರೋರು ಈ ಮಾತನ್ನ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಬಿಡಿ. ಹೊಸ ಜಾಗಕ್ಕೆ ಹೋದ ಮೊದಲ ವಾರ ಮಗು ಮಗು ಥರ ಇರಲ್ಲ, ನಿದ್ದೆ ಇಲ್ಲ, ಊಟ ಇಲ್ಲ, ಎಲ್ಲದಕ್ಕೂ ಹಠ, ಆಮೇಲೆ ನಿಧಾನಕ್ಕೆ ಯಾವ್ದೋ ಪಾರ್ಕು, ಯಾವ್ದೋ ಬೆಕ್ಕು, ಪಕ್ಕದ ಮನೆಯ ಯಾವ್ದೋ ಮಗು ಸಿಕ್ಕಿ ದಿನ ಒಂದು ಲಯಕ್ಕೆ ಬರತ್ತೆ, ಅಷ್ಟೊತ್ತಿಗೆ ಮುಂದಿನ ಫ್ಲೈಟ್ ಅಂದ್ರೆ ಆ ಕಷ್ಟ ಎಲ್ಲಾ ಮತ್ತೆ ಮೊದಲಿಂದ. ಮಾತಾಡಿ ಸಮಾಧಾನ ಮಾಡೋಕೆ ಇರೋದೂ ನಾವೊಬ್ರೇ, ಪ್ಯಾಕಿಂಗ್ ಮಾಡೋಕೆ ಇರೋದೂ ನಾವೊಬ್ರೇ. ಆರೇಳು ಊರು ಸಾಕು. ಉಳಿದ ಸೆಗ್ಮೆಂಟನ್ನ ಉದ್ದದ ಹಾರಾಟ ಮಧ್ಯಕ್ಕೆ ಮುರಿಯೋಕೆ ಬಳಸಿ, ಅದು ನಿಜವಾಗ್ಲೂ ಬುದ್ಧಿವಂತಿಕೆ. 24 ಗಂಟೆಗಿಂತ ಕಮ್ಮಿ ನಿಂತ್ರೆ ಅದು ಟ್ರಾನ್ಸಿಟ್, ಸ್ಟಾಪ್ ಲೆಕ್ಕಕ್ಕೆ ಬರಲ್ಲ, ಸೋ ಸಂಜೆ ಇಳಿದು ಏರ್‌ಪೋರ್ಟ್ ಪಕ್ಕ ಒಂದು ರಾತ್ರಿ ಸರಿಯಾಗಿ ಮಲಗಿ ಬೆಳಿಗ್ಗೆ ಮುಂದಿನ ವಿಮಾನ ಹತ್ಬೋದು. ಇನ್ನೊಂದು, ಒಂದು ಊರಲ್ಲಿ ಇಳಿದು ರೈಲೋ ಬಸ್ಸೋ ಹಿಡಿದು ಬೇರೆ ಊರಿಗೆ ಹೋಗಿ ಅಲ್ಲಿಂದ ಹಾರ್ತೀನಿ ಅಂದ್ರೆ ಬಿಡ್ತಾರೆ, ಆದ್ರೆ ನೀವು ಹಾರದೇ ಇರೋ ಆ ಗ್ಯಾಪನ್ನೂ ಮೈಲಿಯಲ್ಲೋ ಸೆಗ್ಮೆಂಟಲ್ಲೋ ಹಿಡ್ಕೋತಾರೆ. ಅನ್ಯಾಯ ಅಂತ ನಂಗನ್ಸತ್ತೆ, ಆದ್ರೂ ರೂಲ್ ರೂಲೇ.

ಮೂರೂವರೆ ಸ್ಟಾರಲ್ಲಿ ಎರಡೂವರೆ ನಾನು ಕೊಟ್ಟಿರೋದು ಡೇಟ್ ಚೇಂಜಿಗೆ. ಊರುಗಳ ಕ್ರಮ ಬದಲಿಸ್ಬೇಕಂದ್ರೆ ಟಿಕೆಟ್ ರೀಇಶ್ಯೂ, ಫೀಸು, ಟ್ಯಾಕ್ಸ್ ವ್ಯತ್ಯಾಸ ಎಲ್ಲಾ ಇದೆ, ಆದ್ರೆ ಅದೇ ದಾರಿ ಇಟ್ಕೊಂಡು ತಾರೀಖು ಮಾತ್ರ ಮುಂದೆ ಹಾಕೋದಾದ್ರೆ, ಅದೇ ಬುಕಿಂಗ್ ಕ್ಲಾಸಲ್ಲಿ (ಅಂದ್ರೆ ಟಿಕೆಟ್ ತಗೊಂಡ ದರದ ವರ್ಗದಲ್ಲೇ) ಸೀಟ್ ಇದ್ರೆ, ಸಾಮಾನ್ಯವಾಗಿ ದುಡ್ಡಿಲ್ಲ. ಇದು ಒಬ್ರೇ ಇರೋ ಅಪ್ಪ ಅಮ್ಮಂದಿರಿಗೆ ಎಷ್ಟು ದೊಡ್ಡ ವಿಷ್ಯ ಅಂದ್ರೆ, ಮಗಳಿಗೆ ಕಿವಿ ಇನ್ಫೆಕ್ಷನ್ ಆಯ್ತು ಅಂದ್ಕೊಳಿ, ವಿಮಾನ ಇಳೀವಾಗ ಕ್ಯಾಬಿನ್ ಒತ್ತಡ ಏರತ್ತೆ, ಒಳಗಡೆ ಊದ್ಕೊಂಡಿರೋ ಕಿವಿ ಅದಕ್ಕೆ ಹೊಂದ್ಕೊಳ್ಳಲ್ಲ, ದೊಡ್ಡವರೇ ಕಿರುಚ್ತಾರೆ, ಡಾಕ್ಟ್ರು ಹತ್ತು ದಿನ ಹಾರ್ಬೇಡಿ ಅಂತಾರೆ. ಬಿಡಿ ಬಿಡಿಯಾಗಿ ತಗೊಂಡ ಅಗ್ಗದ ಟಿಕೆಟ್ ಆಗಿದ್ರೆ ಎರಡು ಸೀಟಿನ ದುಡ್ಡು ನೀರಿಗೆ, ಅದಾದ್ಮೇಲಿನ ಇನ್ನೊಂದು ಟಿಕೆಟ್ಟೂ ನೀರಿಗೆ, ಜೊತೆಗೆ ಆ ಟೆನ್ಷನ್ನಲ್ಲೇ ರಾತ್ರಿ ಥರ್ಮಾಮೀಟರ್ ಹಿಡ್ಕೊಂಡು ಕೂತಿರ್ಬೇಕು. ಇದರಲ್ಲಿ ಒಂದು ಫೋನ್ ಮಾಡಿದ್ರೆ ಮುಗೀತು. ಜೊತೆಗೆ ಸಂಗಾತಿ ಇರೋರಾದ್ರೆ ಒಬ್ರು ಮಗು ನೋಡ್ಕೊಂಡು ಇನ್ನೊಬ್ರು ಇದನ್ನೆಲ್ಲ ಸಂಭಾಳಿಸ್ಬೋದು, ನಮಗೆ ಆ ಇನ್ನೊಬ್ರು ಈ ಟಿಕೆಟ್ಟೇ. ನಂಗೇ ಜ್ವರ ಬಂದಾಗ್ಲೂ ಇದನ್ನೇ ಮಾಡಿದ್ದು, ಮಗಳು ನನ್ನ ಹಣೆ ಮುಟ್ಟಿ ನೋಡಿ "ಅಮ್ಮಾ ನಾಳೆ ಹೋಗೋದು ಬೇಡ, ಟಿಕೆಟ್ ಆಂಟಿಗೆ ಫೋನ್ ಮಾಡು" ಅಂದ್ಲು, ಅವಳಿಗೂ ಅಷ್ಟೊತ್ತಿಗೆ ಸಿಸ್ಟಮ್ ಅರ್ಥ ಆಗಿತ್ತು.

ಟಿಕೆಟ್ ಆಂಟಿ ಅಂದ್ರೆ ಕಾಲ್ ಸೆಂಟರ್. ಅಲ್ಲೇ ಅರ್ಧ ಸ್ಟಾರ್ ಕಟ್ ಮಾಡಿರೋದು. ವೆಬ್‌ಸೈಟಲ್ಲಿ ನೀಟಾಗಿ ಬುಕ್ ಆಗತ್ತೆ, ಬದಲಾವಣೆಗೆ ಮಾತ್ರ ಟಿಕೆಟ್ ಕೊಟ್ಟ ಏರ್‌ಲೈನಿಗೆ ಫೋನ್ ಮಾಡ್ಬೇಕಾಗತ್ತೆ, ಹೋಲ್ಡ್ ಮ್ಯೂಸಿಕ್ ನನ್ನ ಮಗಳಿಗೆ ಬಾಯಿಪಾಠ ಆಗೋಷ್ಟು ಕಾಯಿಸಿದ್ರು. ಅದಕ್ಕಿಂತ ಮುಖ್ಯವಾದದ್ದು ಇದು: ಬದಲಾವಣೆ ಮಾಡಿದ ಮೇಲೆ ಇಬ್ಬರ ಟಿಕೆಟ್ ನಂಬರೂ ಬೇರೆ ಬೇರೆ ಚೆಕ್ ಮಾಡಿ. ಒಂದ್ಸಲ ನನ್ನ ಟಿಕೆಟ್ ಹೊಸ ತಾರೀಖಿಗೆ ಸರಿಯಾಗಿ ಕೂತಿತ್ತು, ಮಗಳ ಬುಕಿಂಗ್ ಸ್ಕ್ರೀನ್ ಮೇಲೆ ಕನ್ಫರ್ಮ್ ಅಂತಿದ್ರೂ ಆ ಬುಕಿಂಗಿಗೆ ಸೇರಿದ ಟಿಕೆಟ್ ಮಾತ್ರ ಹಳೇ ತಾರೀಖಲ್ಲೇ ಉಳಿದಿತ್ತು, ಕೌಂಟರಲ್ಲಿ ಹುಡುಗ "ನೀವು ಹೋಗ್ಬೋದು, ಪಾಪುಗೆ ಟಿಕೆಟ್ ಇಲ್ಲ" ಅಂದ. ಎಂಟು ವರ್ಷದ ಮಗುವನ್ನ ಬಿಟ್ಟು ನಾನೊಬ್ಳೇ ಹೋಗ್ಬೋದಂತೆ! ಕೊನೆಗೆ ಸರಿ ಮಾಡಿದ್ರು, ಗೇಟ್ ಮುಚ್ಚೋ ಹೊತ್ತಿಗೆ. ಹಾಗೇ, ಒಂದು ಸೆಗ್ಮೆಂಟನ್ನ ಹೇಳ್ದೆ ಕೇಳ್ದೆ ಬಿಟ್ರೆ ಅದರ ಮುಂದಿನ ಅಷ್ಟೂ ಕ್ಯಾನ್ಸಲ್ ಆಗತ್ತೆ, ಸೋ ಮಗು ಎಷ್ಟೇ ವಾಂತಿ ಮಾಡ್ಕೋತಿದ್ರೂ ವಿಮಾನ ಹೊರಡೋ ಮುಂಚೆ ಫೋನ್ ಮಾಡಿ ಹೇಳ್ಲೇಬೇಕು.

ಹೊರಡೋವಾಗಲೇ ಕೊನೆಯ ಸೆಗ್ಮೆಂಟಿಗೆ ನಿಜವಾದ ತಾರೀಖು ಹಾಕೋಕಾಗಲ್ಲ, ಏರ್‌ಲೈನ್‌ಗಳು ಸುಮಾರು ಹನ್ನೊಂದು ತಿಂಗಳು ಮುಂದಕ್ಕೆ ಮಾತ್ರ ಸೀಟ್ ತೆರೆಯೋದು. ಏನೋ ಒಂದು ತಾರೀಖು ಹಾಕಿಟ್ಟು ಆಮೇಲೆ ತಳ್ಳೋದು.

ದುಡ್ಡಿನ ವಿಷ್ಯಕ್ಕೆ ಬರೋಣ. 2ರಿಂದ 11 ವರ್ಷದ ಮಕ್ಕಳಿಗೆ ಸಾಮಾನ್ಯವಾಗಿ ದೊಡ್ಡವರ ದರದ 75 ಪರ್ಸೆಂಟ್. ಟ್ಯಾಕ್ಸ್ ಮಾತ್ರ ಬೇರೆ ಲೆಕ್ಕ, ಅದರಲ್ಲಿ ಪ್ರತಿಯೊಂದಕ್ಕೂ ಮಕ್ಕಳ ರಿಯಾಯ್ತಿ ಇರಲ್ಲ. ಇರೋ ಕಡೆ ಬಿಡ್ಬೇಡಿ, ಉದಾಹರಣೆಗೆ ಬ್ರಿಟನ್ನಿಂದ ಹಾರೋವಾಗ ಹಾಕೋ ಏರ್ ಪ್ಯಾಸೆಂಜರ್ ಡ್ಯೂಟಿ ಎಕಾನಮಿಯಲ್ಲಿ ಕೂರೋ 16 ವರ್ಷದೊಳಗಿನ ಮಕ್ಕಳಿಗೆ 2016ರಿಂದ ಇಲ್ಲ, ಮಗುವಿನ ಟಿಕೆಟಲ್ಲಿ ಅದು ಸೇರಿದ್ಯಾ ಅಂತ ಟ್ಯಾಕ್ಸ್ ಸಾಲುಗಳನ್ನ ಒಂದೊಂದಾಗಿ ನೋಡಿ. ಇನ್ನೊಂದು ವಿಚಿತ್ರ ಏನಂದ್ರೆ ಅದೇ ದಾರಿ, ಅದೇ ವಿಮಾನ, ಆದ್ರೆ ಯಾವ ದೇಶದಿಂದ ಶುರು ಮಾಡ್ತೀರೋ ಅದರ ಮೇಲೆ ದರ ಬದಲಾಗತ್ತೆ. ಹಾಗಂತ ಉಳಿಸೋಕೆ ಅಂತ ಮಗುನ ಇನ್ನೊಂದು ದೇಶಕ್ಕೆ ಎಳ್ಕೊಂಡು ಹೋಗಿ ಶುರು ಮಾಡೋದು ನಂಗೆ ಇಷ್ಟ ಆಗ್ಲಿಲ್ಲ, ಯಾಕಂದ್ರೆ ಮುಗಿಸೋಕೂ ಅಲ್ಲಿಗೇ ಬರ್ಬೇಕಲ್ಲ. ನೀವು ಆಗ್ನೇಯ ಏಷ್ಯಾ ಮತ್ತೆ ಯುರೋಪಲ್ಲೇ ಇರ್ತೀರಾ ಅಂದ್ರೆ ಈ ಟಿಕೆಟ್ ಶುದ್ಧ ದಂಡ, ಅಲ್ಲೆಲ್ಲ ಕಡಿಮೆ ದರದ ಏರ್‌ಲೈನ್‌ಗಳು ಸಾಕಷ್ಟಿವೆ. ಎರಡೂ ಸಾಗರ ದಾಟೋರಿಗೆ, ಅದರಲ್ಲೂ ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ ಥರ ಒನ್‌ವೇ ದರ ದುಬಾರಿ ಇರೋ ಕಡೆ ಹೋಗೋರಿಗೆ ಲೆಕ್ಕ ಸರಿಹೋಗತ್ತೆ.

ಯಾರೂ ಹೇಳದೇ ಇರೋ ಒಂದು ಲಾಭ ಇಮಿಗ್ರೇಶನ್ ಕೌಂಟರಲ್ಲಿ ಸಿಗತ್ತೆ. ಒಬ್ರೇ ದೊಡ್ಡವರು ಮಗು ಜೊತೆ ಬಂದ್ರೆ ಅಧಿಕಾರಿಗಳಿಗೆ ಮೊದಲು ಬರೋ ಅನುಮಾನ, ಇನ್ನೊಬ್ಬ ಪೋಷಕರಿಗೆ ಗೊತ್ತಿಲ್ದೆ ಮಗುನ ಕರ್ಕೊಂಡು ಹೊರಟಿದಾರಾ ಅಂತ. 1980ರ ಹೇಗ್ ಒಪ್ಪಂದ ಇರೋದೇ ಹಾಗೆ ಗಡಿ ದಾಟಿಸಿದ ಮಕ್ಕಳನ್ನ ವಾಪಸ್ ತರೋಕೆ, ಸೋ ಅವರ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳೋದ್ರಲ್ಲಿ ಅರ್ಥ ಇಲ್ಲ. ಹೊರಟ ದೇಶಕ್ಕೇ ವಾಪಸ್ ಬರೋ ಟಿಕೆಟ್ ಕೈಯಲ್ಲಿದ್ರೆ ಅರ್ಧ ಮಾತು ಅಲ್ಲೇ ಮುಗಿಯತ್ತೆ, ಮುಂದಿನ ಪ್ರಯಾಣದ ಪುರಾವೆ ಕೇಳೋ ದೇಶಗಳಲ್ಲೂ ಅದನ್ನೇ ತೋರಿಸ್ಬೋದು, ವೀಸಾ ಅರ್ಜಿಗೂ ಅದೇ ಆಗತ್ತೆ. ಆದ್ರೆ ಟಿಕೆಟ್ ಒಂದೇ ಸಾಲಲ್ಲ. ಇನ್ನೊಬ್ಬ ಪೋಷಕರ ನೋಟರಿ ಆದ ಒಪ್ಪಿಗೆ ಪತ್ರ, ಅಥವಾ ಕಸ್ಟಡಿ ಆದೇಶ, ಅಥವಾ ಮರಣ ಪ್ರಮಾಣಪತ್ರ, ನಿಮ್ಮ ಪರಿಸ್ಥಿತಿ ಯಾವುದೋ ಅದು, ಜೊತೆಗೆ ಇಬ್ಬರೂ ಪೋಷಕರ ಹೆಸರಿರೋ ಜನನ ಪ್ರಮಾಣಪತ್ರ, ಇಷ್ಟು ಕಾಗದದಲ್ಲೇ ಇರ್ಲಿ, ಫೋನಲ್ಲಿ ಮಾತ್ರ ಬೇಡ. ಒಪ್ಪಿಗೆ ಪತ್ರದಲ್ಲಿ ಒಂದೇ ದೇಶದ ಹೆಸರು ಬರೆಸ್ಬೇಡಿ, ಟಿಕೆಟಲ್ಲಿರೋ ಎಲ್ಲಾ ದೇಶ, ಟ್ರಾನ್ಸಿಟ್ ದೇಶಗಳೂ ಸೇರಿ, ತಾರೀಖು ಮುಂದೆ ಹೋಗೋಕೆ ಜಾಗ ಬಿಟ್ಟು ಬರೆಸಿ. ಈ ರೂಲ್ಸ್ ಬದಲಾಗ್ತಾನೇ ಇರತ್ತೆ, ದಕ್ಷಿಣ ಆಫ್ರಿಕಾ 2015ರಲ್ಲಿ ಪೂರ್ತಿ ವಿವರದ ಜನನ ಪ್ರಮಾಣಪತ್ರ ಕಡ್ಡಾಯ ಮಾಡಿ 2019ರಲ್ಲಿ ಸಡಿಲ ಮಾಡ್ತು. ಮಗುವಿಗೂ ಮೊದಲೇ ಹೇಳಿಟ್ಟಿರಿ, ಅಧಿಕಾರಿ ನೇರ ಅವರನ್ನೇ ಕೇಳ್ತಾರೆ. "ಇವ್ರು ಯಾರು?" ಅಂದಾಗ ನನ್ನ ಮಗಳು ಒಂದು ಕ್ಷಣ ಯೋಚನೆ ಮಾಡಿದ್ಲು ನೋಡಿ, ನನ್ನ ಜೀವ ಬಾಯಿಗೆ ಬಂತು.

ಅಮೆರಿಕದ ಮೂಲಕ ಹೋಗೋ ದಾರಿ ಆರಿಸೋ ಮುಂಚೆ ಒಂದು ತಿಳ್ಕೊಳಿ, ಅಲ್ಲಿ ಬರೀ ವಿಮಾನ ಬದಲಿಸೋಕೂ ಇಮಿಗ್ರೇಶನ್ ದಾಟ್ಲೇಬೇಕು, ಮಗುವಿಗೂ ಅದರದ್ದೇ ವೀಸಾನೋ ಇಸ್ಟಾನೋ (ESTA, ವೀಸಾ ಬೇಡದ ದೇಶದವರು ಆನ್‌ಲೈನಲ್ಲಿ ತಗೊಳ್ಳೋ ಅನುಮತಿ) ಬೇಕು. ಊರುಗಳ ಕ್ರಮಕ್ಕೂ ಹಳದಿ ಜ್ವರದ ಲಸಿಕೆಗೂ ಸಂಬಂಧ ಇದೆ, ಯಾಕಂದ್ರೆ ನೀವು ಎಲ್ಲಿಂದ ಬರ್ತಿದೀರ ಅನ್ನೋದರ ಮೇಲೆ ಸರ್ಟಿಫಿಕೇಟ್ ಕೇಳೋ ದೇಶಗಳು ತುಂಬಾ ಇವೆ. ಹಾಕಿಸ್ಕೊಂಡು ಹತ್ತು ದಿನ ಆದ ಮೇಲೆ ಅದು ಚಾಲ್ತಿಗೆ ಬರೋದು, 2016ರ ಜುಲೈಯಿಂದ ಒಂದೇ ಡೋಸ್ ಜೀವನಪರ್ಯಂತ ನಡೆಯತ್ತೆ.

ದಿಕ್ಕು ಯಾವುದು ಅಂತ ತುಂಬಾ ಜನ ಕೇಳ್ತಾರೆ, ನಾನಂತೂ ಪಶ್ಚಿಮ ಅಂತೀನಿ. ನಮ್ಮ ಒಳಗಿನ ಗಡಿಯಾರ 24 ಗಂಟೆಗಿಂತ ಸ್ವಲ್ಪ ಉದ್ದ, ಸೋ ದಿನ ಉದ್ದ ಆಗೋದು ದೇಹಕ್ಕೆ ಸುಲಭ, ಚಿಕ್ಕದಾಗೋದು ಕಷ್ಟ. ಪಶ್ಚಿಮಕ್ಕೆ ಹೋದ್ರೆ ಮಗು ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಕೂರತ್ತೆ, ನಿಜ, ಆದ್ರೆ ಸಂಜೆ ಬೇಗ ಮಲಗತ್ತೆ, ಆ ಸಂಜೆಯ ಎರಡು ಗಂಟೆ ನಮ್ಮದು, ಅದರ ಬೆಲೆ ಒಬ್ರೇ ಇರೋರಿಗೆ ಗೊತ್ತು. ಪೂರ್ವಕ್ಕೆ ಹೋದ್ರೆ ಅರ್ಧರಾತ್ರಿವರೆಗೂ ಮಲಗದ ಮಗು ಮುಂದೆ ನಾವೇ ತೂಕಡಿಸ್ತಿರ್ತೀವಿ. ಒಂದೇ ತೊಂದರೆ ಅಂದ್ರೆ ಪೆಸಿಫಿಕ್ಕಲ್ಲಿ ಡೇಟ್ ಲೈನ್ ದಾಟುವಾಗ ಕ್ಯಾಲೆಂಡರಲ್ಲಿ ಒಂದು ದಿನ ಮಾಯ, ಮಗುವಿನ ಹುಟ್ಟುಹಬ್ಬದ ಆಸುಪಾಸು ಆ ಫ್ಲೈಟ್ ಇಡ್ಬೇಡಿ, ಆ ಜಗಳ ನಿಮಗೆ ಬೇಡ.

ಸೀಟು? ಒಂದೇ ಟಿಕೆಟ್ ಆದ್ರೂ ಹಾರಿಸೋರು ಬೇರೆ ಬೇರೆ ಏರ್‌ಲೈನ್, ಪ್ರತಿಯೊಂದರಲ್ಲೂ ಹೋಗಿ ಪಕ್ಕಪಕ್ಕದ ಸೀಟ್ ಆಯ್ಕೆ ಮಾಡ್ಬೇಕು, ತಾರೀಖು ಬದಲಿಸಿದಾಗೆಲ್ಲ ಮತ್ತೆ ಮಾಡ್ಬೇಕು, ಬೇಜಾರು ಕೆಲಸ. ಬ್ಯಾಗೇಜ್ ಮಾತ್ರ ಕೊನೆವರೆಗೂ ಚೆಕ್ ಇನ್ ಆಗತ್ತೆ ಹೆಚ್ಚು ಕಡೆ, ಅಷ್ಟು ಸಮಾಧಾನ.

ಉಳಿದ ಒಂದು ಸ್ಟಾರ್ ಹೋಗಿದ್ದು ಒಂದು ವರ್ಷದ ಮಿತಿಗೆ. ಮಗು ಎಲ್ಲೋ ಒಂದು ಕಡೆ ಖುಷಿಯಾಗಿ ನೆಲೆ ನಿಂತಾಗ, ಅಲ್ಲಿ ಆಟಕ್ಕೆ ಒಂದು ಗುಂಪು ಸಿಕ್ಕಿದಾಗ, ಇನ್ನಾರು ತಿಂಗಳು ಇಲ್ಲೇ ಇರೋಣ ಅಂತ ಮನಸ್ಸಿಗೆ ಬಂದ್ರೆ ಈ ಟಿಕೆಟ್ ಹಿಂದಿಂದ ತಳ್ತಾನೇ ಇರತ್ತೆ. ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯೋ ಯುರೋಪಿನ ದೇಶಗಳ ಗುಂಪು) 180 ದಿನದಲ್ಲಿ 90 ದಿನ ಮಾತ್ರ ಇರ್ಬೋದು ಅನ್ನೋ ಲೆಕ್ಕ ಮಗುವಿಗೂ ಅನ್ವಯ, ಅಲ್ಲೇನೋ ಹೇಗೂ ಹೊರಡ್ಬೇಕು, ಆದ್ರೆ ಇರೋಕೆ ಬಿಡೋ ದೇಶದಲ್ಲೂ ಟಿಕೆಟ್ ಎಕ್ಸ್‌ಪೈರಿ ನೋಡ್ಕೊಂಡು ಮಗುನ ಗೆಳೆಯರಿಂದ ಬಿಡಿಸಿ ಕರ್ಕೊಂಡು ಹೋಗೋದು ಇದೆಯಲ್ಲ, ಅದು ನಂಗೆ ಒಂಚೂರೂ ಇಷ್ಟ ಆಗ್ಲಿಲ್ಲ. ಎರಡು ಮೂರು ವರ್ಷ ಸುತ್ತೋ ಪ್ಲಾನ್ ಇರೋರು, ಎಲ್ಲಿ ಇಷ್ಟ ಆದ್ರೆ ಅಲ್ಲಿ ನಿಲ್ತೀವಿ ಅನ್ನೋರು ಇದನ್ನ ತಗೋಬೇಡಿ, ಒನ್‌ವೇಗಳಲ್ಲೇ ಹೋಗಿ, ಬದಲಾಯಿಸೋಕಾಗೋ ದರಕ್ಕೆ ಸ್ವಲ್ಪ ಜಾಸ್ತಿ ಕೊಟ್ರೂ ಪರ್ವಾಗಿಲ್ಲ. ಒಂದು ವರ್ಷ ಕೆಲಸಕ್ಕೆ ರಜೆ, ಮಗುವಿನ ಸ್ಕೂಲಿಗೂ ಅಷ್ಟೇ ಬಿಡುವು, ಆಮೇಲೆ ವಾಪಸ್ ಬರ್ಲೇಬೇಕು ಅನ್ನೋರಿಗೆ ಕಣ್ಣು ಮುಚ್ಕೊಂಡು ಹೇಳ್ತೀನಿ ತಗೊಳಿ ಅಂತ.

ಹನ್ನೆರಡು ತುಂಬೋಕೆ ಹತ್ರ ಇರೋ ಮಗು ಇದ್ರೆ ಹುಟ್ಟುಹಬ್ಬಕ್ಕೆ ಮುಂಚೆ ಹೊರಡಿ, ಮಕ್ಕಳ ದರಕ್ಕೆ ಸಾಮಾನ್ಯವಾಗಿ ಪ್ರಯಾಣ ಶುರು ಮಾಡಿದ ದಿನದ ವಯಸ್ಸೇ ಲೆಕ್ಕ. ಎರಡು ವರ್ಷದೊಳಗಿನ ಕೂಸಾದ್ರೆ ಹಾಗಲ್ಲ, ದಾರಿ ಮಧ್ಯೆ ಎರಡು ತುಂಬಿದ್ರೆ ಅಲ್ಲಿಂದ ಮುಂದೆ ಅದಕ್ಕೇ ಅಂತ ಸೀಟ್ ಬೇಕು, ಆ ಟಿಕೆಟ್ ಹೇಗೆ ಮಾಡ್ತಾರೆ ಅನ್ನೋದನ್ನ ಬುಕ್ ಮಾಡೋ ದಿನವೇ ಕೇಳಿ ಮೇಲ್‌ನಲ್ಲಿ ಬರೆಸಿಟ್ಕೊಳಿ.