ತತ್ವಮೀಮಾಂಸೆಯೋ ಜೀವನೀತಿಯೋ: ಯಾವ ಪುಸ್ತಕ ಕೊಳ್ಳುವುದು?

ಮರೆವಿನ ಕಾಯಿಲೆ ಬರುವ ಮುನ್ನ ಬರೆದಿಟ್ಟ ಲಿವಿಂಗ್ ವಿಲ್ (ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಬೇಡ ಎಂಬ ಉಯಿಲು), ಆಮೇಲಿನ ರೋಗಿಯನ್ನೂ ಕಟ್ಟಿಹಾಕಬೇಕೇ? ಆ ರೋಗಿ ಅದೇ ವ್ಯಕ್ತಿಯೇ ಎಂಬುದು ತತ್ವಮೀಮಾಂಸೆಯ (ವಸ್ತುಗಳ ಮೂಲ ಸ್ವರೂಪದ ವಿಚಾರದ) ಪ್ರಶ್ನೆ, ಉಯಿಲನ್ನು ಪಾಲಿಸಬೇಕೇ ಎಂಬುದು ಜೀವನೀತಿಯ (ಚಿಕಿತ್ಸೆಯಲ್ಲಿ ಸರಿ-ತಪ್ಪುಗಳ ವಿಚಾರದ) ಪ್ರಶ್ನೆ. ಪುಸ್ತಕ ಆರಿಸಲು ಇದೇ ಒಳ್ಳೆಯ ಒರೆಗಲ್ಲು.

ಬೀಚಂಪ್ ಮತ್ತು ಚಿಲ್ಡ್ರೆಸ್ ಅವರ ‘ಪ್ರಿನ್ಸಿಪಲ್ಸ್ ಆಫ್ ಬಯೋಮೆಡಿಕಲ್ ಎಥಿಕ್ಸ್’ (8ನೇ ಆವೃತ್ತಿ, 2019) ಸ್ವಾಯತ್ತತೆ, ಹಾನಿ ಮಾಡದಿರುವುದು, ಹಿತ, ನ್ಯಾಯ ಎಂಬ ನಾಲ್ಕು ತತ್ವಗಳ ಮೇಲೆ ನಿಂತಿದೆ. ಆಸ್ಪತ್ರೆಯ ಎಥಿಕ್ಸ್ ಕಮಿಟಿಯಲ್ಲಿ ಕೂರುವವರಿಗೆ 4ರಿಂದ 7ನೇ ಅಧ್ಯಾಯ ಸಾಕು. ತತ್ವಗಳು ಪರಸ್ಪರ ಡಿಕ್ಕಿ ಹೊಡೆದಾಗ ತೂಗಿ ನೋಡುವ ಹೊಣೆ ಓದುಗರದೇ. ಸಿದ್ಧ ಸೂತ್ರ ಹುಡುಕುವವರಿಗೆ ನಿರಾಸೆ ಖಚಿತ.

ಮೈಕೆಲ್ ಲೌಕ್ಸ್ ಅವರ ‘ಮೆಟಫಿಸಿಕ್ಸ್’ ಪಠ್ಯ ಅಚ್ಚುಕಟ್ಟಾಗಿದೆ. ಆದರೆ ಮೊದಲೆರಡು ಅಧ್ಯಾಯ ಸಾಮಾನ್ಯ-ವಿಶೇಷಗಳ (ಹಲವು ವಸ್ತುಗಳಲ್ಲಿರುವ ಒಂದೇ ಗುಣ, ಬಿಡಿ ವಸ್ತು) ವಾದಕ್ಕೇ ಮೀಸಲು, ಜೀವನೀತಿಗೆಂದು ಬಂದವರು ಅಲ್ಲೇ ಸುಸ್ತು. ಅಂಥವರು ಕಾಲದಲ್ಲಿ ವಸ್ತುಗಳು ಮುಂದುವರಿಯುವ ಬಗೆಗಿನ ಅಧ್ಯಾಯಕ್ಕೆ ಹಾರುವುದು ಮೇಲು.

ಒಂದೇ ಕೊಳ್ಳುವುದಾದರೆ ಡೇವಿಡ್ ಡಿಗ್ರೇಜಿಯಾ ಅವರ ‘ಹ್ಯೂಮನ್ ಐಡೆಂಟಿಟಿ ಅಂಡ್ ಬಯೋಎಥಿಕ್ಸ್’ (2005). ನಾವು ಮೂಲತಃ ಮಾನವ ಪ್ರಾಣಿಗಳು, ಹಾಗಾಗಿ ನೆನಪು ಅಳಿದರೂ ರೋಗಿ ಅದೇ ಜೀವಿ ಎನ್ನುತ್ತಾರೆ. ಬದುಕಿನ ಕಥನದ ಗುರುತನ್ನು, ಅಂದರೆ ನಮ್ಮ ಬಾಳಿನ ಕಥೆಯಾಗಿ ನಾವು ನಮ್ಮನ್ನು ಕಾಣುವ ಬಗೆಯನ್ನು, ಬೇರೆಯಾಗಿಯೇ ಇಡುತ್ತಾರೆ. ಈ ಎರಡನ್ನು ಕಲಸಿದರೆ ಉಯಿಲಿನ ವಾದ ಹಳಿ ತಪ್ಪುತ್ತದೆ. ಎದುರು ಪಕ್ಷ ಬೇಕಾದರೆ ಜೆಫ್ ಮೆಕ್‌ಮಹಾನ್ ಅವರ ‘ದಿ ಎಥಿಕ್ಸ್ ಆಫ್ ಕಿಲ್ಲಿಂಗ್’ (2002) ಇದೆ: ಐನೂರು ಪುಟ ದಾಟುತ್ತದೆ, ಕಲ್ಪಿತ ಪ್ರಸಂಗಗಳು ವಿಪರೀತ.