ಹದಿನಾರು ಎಲ್‌ಇಡಿಗಳಿಗೆ ಮೂರು ಡ್ರೈವರ್ ಬೋರ್ಡುಗಳು: ಪಿಸಿಎ9685 ಯಾಕೆ ಉಳಿಯಿತು

ನಮ್ಮೂರಿನ ಪ್ರೌಢಶಾಲೆಯ ಭೂಗೋಳದ ಕೊಠಡಿಗೆ ಕರ್ನಾಟಕದ ಜಲಾಶಯಗಳ ಗೋಡೆ ನಕ್ಷೆಯೊಂದನ್ನು ಮಾಡಿಕೊಡಲು ಒಪ್ಪಿಕೊಂಡಿದ್ದೆ. ಕೃಷ್ಣರಾಜಸಾಗರ, ಲಿಂಗನಮಕ್ಕಿ, ತುಂಗಭದ್ರಾ, ಆಲಮಟ್ಟಿ ಮೊದಲಾದ ಹದಿನಾರು ಜಲಾಶಯಗಳಿರುವ ಕಡೆ ಒಂದೊಂದು ನೀಲಿ ಎಲ್‌ಇಡಿ ಇರಬೇಕು, ಜಲಾಶಯದಲ್ಲಿ ನೀರು ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಅದು ಬೆಳಗಬೇಕು ಎಂಬುದು ಶಿಕ್ಷಕರ ಬೇಡಿಕೆ. ಇದಕ್ಕಾಗಿ ಎಲ್‌ಇಡಿಗಳ ಬೆಳಕನ್ನು ನಿಯಂತ್ರಿಸುವ ಮೂರು ಡ್ರೈವರ್ ಬೋರ್ಡುಗಳನ್ನು ಕೊಂಡು, ಆರ್ಡುಯಿನೊ ನ್ಯಾನೊ ಎಂಬ ಒಂದೇ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡಿಗೆ ಒಂದರ ನಂತರ ಒಂದನ್ನು ಜೋಡಿಸಿ ನೋಡಿದೆ. ಕೊನೆಗೆ ಗೋಡೆಯ ಮೇಲೆ ಉಳಿದದ್ದು ಮೂರರಲ್ಲಿ ಅತ್ಯಂತ ಅಗ್ಗದ್ದಾದ ಪಿಸಿಎ9685 ಬೋರ್ಡು. ಇಂಥ ಕೆಲಸವನ್ನು ಮತ್ತೆ ಯಾರಾದರೂ ಒಪ್ಪಿಸಿದರೂ ನಾನು ಅದನ್ನೇ ತರುತ್ತೇನೆ.

ಮೊದಲು ಕೊಂಡದ್ದು ಚಿಪ್ ತಯಾರಕರೇ ಹೊರತಂದ ಇವ್ಯಾಲ್ಯುಯೇಶನ್ ಬೋರ್ಡು, ಅಂದರೆ ಚಿಪ್ಪನ್ನು ಪರೀಕ್ಷಿಸಿ ನೋಡುವ ಬೋರ್ಡು. ಕಂಪನಿಯ ಹೆಸರು ಇಲ್ಲಿ ಬೇಡ. ಅದರ ಬೆಲೆಯಲ್ಲಿ ಪಿಸಿಎ9685 ಬೋರ್ಡುಗಳನ್ನು ಒಂದು ಡಬ್ಬಿ ತುಂಬ ತರಬಹುದಿತ್ತು. ಅದರಲ್ಲಿರುವ ಡ್ರೈವರ್ ಚಿಪ್ ಒಳ್ಳೆಯದೇ. ಪ್ರತಿ ಎಲ್‌ಇಡಿಗೂ ಸ್ಥಿರ ಪ್ರವಾಹವನ್ನು ತಾನೇ ಒದಗಿಸುತ್ತದೆ. ಯುಎಸ್‌ಬಿ ಕೇಬಲ್ ಚುಚ್ಚಿ, ವಿಂಡೋಸ್ ತಂತ್ರಾಂಶ ತೆರೆದು, ಪರದೆಯ ಮೇಲಿನ ಗುಂಡಿಯನ್ನು ಎಳೆದರೆ ಎಲ್‌ಇಡಿಗಳು ನಯವಾಗಿ ಬೆಳಗುತ್ತವೆ, ಮಂಕಾಗುತ್ತವೆ. ತೊಡಕು ಶುರುವಾದದ್ದು ಕಂಪ್ಯೂಟರನ್ನು ಬಿಡಿಸಿ ಅದರ ಜಾಗದಲ್ಲಿ ನ್ಯಾನೊವನ್ನು ಇಡಲು ಹೊರಟಾಗ.

ಕೈಪಿಡಿಯಲ್ಲಿ ಹೇಳಿದಂತೆ ವಿದ್ಯುತ್ತಿನ ಜಂಪರನ್ನು ತೆಗೆದು, ನ್ಯಾನೊದಿಂದಲೇ 5 ವೋಲ್ಟ್ ಕೊಟ್ಟು, ಎಸ್‌ಡಿಎ ಮತ್ತು ಎಸ್‌ಸಿಎಲ್ ತಂತಿಗಳನ್ನು ಜೋಡಿಸಿದೆ. ಚಿಪ್ಪುಗಳು ಪರಸ್ಪರ ಮಾತಾಡುವ ಈ ಎರಡು ತಂತಿಗಳ ದಾರಿಯನ್ನು, ಅಂದರೆ ಐ-ಟು-ಸಿ ಬಸ್ಸನ್ನು, ಸ್ಕ್ಯಾನ್ ಮಾಡಿದರೆ ಒಂದು ವಿಳಾಸವೂ ಕಾಣಿಸಲಿಲ್ಲ. ಯುಎಸ್‌ಬಿ ಕೇಬಲನ್ನು ಮತ್ತೆ ಚುಚ್ಚಿದೊಡನೆ ಎಲ್ಲವೂ ಸರಿಯಾಗಿ ನಡೆಯಿತು, ಕಿತ್ತೊಡನೆ ಮತ್ತೆ ನಿಂತುಹೋಯಿತು. ಮಲ್ಟಿಮೀಟರಿನ ಮುಳ್ಳನ್ನು ಎಸ್‌ಡಿಎ ತಂತಿಯ ಮೇಲಿಟ್ಟು ನೋಡಿದಾಗ ಕಾರಣದ ಸುಳಿವು ಸಿಕ್ಕಿತು. ಯಾರೂ ಮಾತಾಡದೆ ಸುಮ್ಮನಿರುವಾಗ ಆ ತಂತಿ, ಅದನ್ನು ಮೇಲಕ್ಕೆ ಎಳೆದು ಹಿಡಿಯುವ ಪುಲ್‌ಅಪ್ ರೆಸಿಸ್ಟರಿನ ಬಲದಿಂದ 5 ವೋಲ್ಟಿನ ಹತ್ತಿರ ನಿಲ್ಲಬೇಕು; ಇಲ್ಲಿ ಅದು 2 ವೋಲ್ಟನ್ನೂ ಮುಟ್ಟುತ್ತಿರಲಿಲ್ಲ. ಎಸ್‌ಸಿಎಲ್ ಕೂಡ ಹಾಗೆಯೇ ಇತ್ತು.

ಬೋರ್ಡಿನ ಮೇಲೆ ಯುಎಸ್‌ಬಿ ಮಾತನ್ನು ಐ-ಟು-ಸಿಗೆ ತಿರುಗಿಸುವ ಇನ್ನೊಂದು ಮೈಕ್ರೊಕಂಟ್ರೋಲರ್ ಇದೆ, ಮತ್ತು ಅದರ ಕಾಲುಗಳು ಅದೇ ಎರಡು ತಂತಿಗಳಿಗೆ ಕಾಯಂ ಆಗಿ ಅಂಟಿಕೊಂಡಿವೆ. ಕೇಬಲ್ ಕಿತ್ತಾಗ ಆ ಕಂಟ್ರೋಲರಿಗೆ ವಿದ್ಯುತ್ತು ತಪ್ಪುತ್ತದೆ. ಆಗ ಅದರ ಕಾಲುಗಳಲ್ಲಿರುವ ರಕ್ಷಣಾ ಡಯೋಡುಗಳ ಮೂಲಕ ನಮ್ಮ ಬಸ್ಸಿನ ವಿದ್ಯುತ್ತು ಅದರ ಖಾಲಿ ಸರಬರಾಜು ಹಳಿಗೆ ಹರಿದುಹೋಗುತ್ತದೆ. ಪುಲ್‌ಅಪ್ ರೆಸಿಸ್ಟರು ಕೊಡುವ ಸಣ್ಣ ಪ್ರವಾಹಕ್ಕೆ ಆ ಹಳಿಯನ್ನು ಎತ್ತಿ ಹಿಡಿಯುವ ಶಕ್ತಿಯಿಲ್ಲ. ನ್ಯಾನೊದ ಚಿಪ್ಪಾದರೋ 5 ವೋಲ್ಟಿನಲ್ಲಿ ನಡೆಯುವಾಗ 3.5 ವೋಲ್ಟಿಗಿಂತ ಕೆಳಗಿನದನ್ನು ಖಚಿತವಾದ 'ಒಂದು' ಎಂದು ಒಪ್ಪುವುದಿಲ್ಲ. ಹೀಗಾಗಿ ಬಸ್ಸು ಸದಾ ಯಾರದೋ ಬಳಕೆಯಲ್ಲಿದೆ ಎಂದೇ ಅದಕ್ಕೆ ತೋರುತ್ತದೆ.

ಪರಿಹಾರ ಸರ್ಕ್ಯೂಟ್ ನಕ್ಷೆಯ ಹಾಳೆಯಲ್ಲಿತ್ತು. ಆ ಕಂಟ್ರೋಲರಿಗೂ ಬಸ್ಸಿಗೂ ನಡುವೆ ಸಾಸಿವೆಕಾಳಿನಷ್ಟು ಸಣ್ಣ ಎರಡು ಸೊನ್ನೆ ಓಮ್ ರೆಸಿಸ್ಟರುಗಳಿವೆ. ಬೆಸುಗೆ ಬಿಡಿಸಿ ಅವನ್ನು ಎತ್ತಿದರೆ ಬಸ್ಸು ಸ್ವತಂತ್ರವಾಗುತ್ತದೆ. ನಾನು ಹಾಗೆಯೇ ಮಾಡಿದೆ, ಕೆಲಸವೂ ಆಯಿತು. ಆದರೆ ಅಲ್ಲಿಗೆ ಆ ದುಬಾರಿ ತಂತ್ರಾಂಶದ ದಾರಿ ಮುಚ್ಚಿತು, ಏಕೆಂದರೆ ಅದು ಮಾತಾಡುತ್ತಿದ್ದದ್ದು ಇದೇ ದಾರಿಯಲ್ಲಿ. ಆ ಜಾಗದಲ್ಲಿ ಎರಡು ಜಂಪರುಗಳನ್ನು ಇಟ್ಟಿದ್ದರೆ ಸಾಕಿತ್ತು, ಕೈಪಿಡಿಯಲ್ಲಿ ಒಂದು ಸಾಲು ಬರೆದಿದ್ದರೂ ಸಾಕಿತ್ತು. ಪರೀಕ್ಷೆಗೆಂದೇ ಮಾಡಿದ ಬೋರ್ಡಿನಲ್ಲಿ ಬಳಕೆದಾರ ಸ್ವಂತ ಕಂಟ್ರೋಲರನ್ನು ಜೋಡಿಸುತ್ತಾನೆ ಎಂಬುದನ್ನು ಮರೆಯುವುದು ಸಣ್ಣ ಲೋಪವಲ್ಲ ಎಂದೇ ನನ್ನ ಅಭಿಪ್ರಾಯ. ಇಂಥ ಬೋರ್ಡು ಕೊಳ್ಳುವವರು ಹಣ ಕೊಡುವ ಮೊದಲೇ ಸರ್ಕ್ಯೂಟ್ ನಕ್ಷೆಯನ್ನು ಇಳಿಸಿಕೊಂಡು, ಯುಎಸ್‌ಬಿ ಭಾಗವನ್ನು ಬೇರ್ಪಡಿಸುವ ವ್ಯವಸ್ಥೆ ಇದೆಯೇ ಎಂದು ನೋಡಿಕೊಳ್ಳಬೇಕು.

ಎರಡನೆಯದು ಟಿಎಲ್‌ಸಿ5940 ಚಿಪ್ಪಿನ ಬೋರ್ಡು. ಇದೂ ಹದಿನಾರು ಚಾನೆಲ್, 12 ಬಿಟ್ (ಅಂದರೆ ಬೆಳಕಿಗೆ 4096 ಹಂತ), ಸ್ಥಿರ ಪ್ರವಾಹದ್ದು. ಎಲ್ಲ ಚಾನೆಲ್‌ಗಳ ಗರಿಷ್ಠ ಪ್ರವಾಹವನ್ನೂ ಒಂದೇ ರೆಸಿಸ್ಟರ್ ನಿರ್ಧರಿಸುತ್ತದೆ: 1.24 ವೋಲ್ಟನ್ನು ಆ ರೆಸಿಸ್ಟರಿನಿಂದ ಭಾಗಿಸಿ 31.5ರಿಂದ ಗುಣಿಸಬೇಕು. 2 ಕಿಲೊ ಓಮ್ ಹಾಕಿದರೆ ಸುಮಾರು 19.5 ಮಿಲಿಆಂಪಿಯರ್ ಸಿಗುತ್ತದೆ. ಎಲ್‌ಇಡಿಗಳ ನಡುವಿನ ಸಣ್ಣಪುಟ್ಟ ವ್ಯತ್ಯಾಸವನ್ನು ಸರಿತೂಗಿಸಲು ಪ್ರತಿ ಚಾನೆಲ್‌ಗೂ 64 ಹಂತಗಳ ತಿದ್ದುಪಡಿಯೂ ಇದೆ, ಅದು ನಿಜಕ್ಕೂ ಸೊಗಸಾದ ಸೌಲಭ್ಯ. ಆದರೆ ಇದಕ್ಕೆ ತನ್ನದೇ ಗಡಿಯಾರವಿಲ್ಲ. ಹೊರಗಿನಿಂದ ಸತತವಾಗಿ ಸ್ಪಂದನಗಳನ್ನು ಕೊಡುತ್ತಿರಬೇಕು, ಪ್ರತಿ 4096 ಸ್ಪಂದನಗಳಿಗೊಮ್ಮೆ ಬ್ಲ್ಯಾಂಕ್ ಕಾಲನ್ನು ಮೇಲೆತ್ತಿ ಇಳಿಸಬೇಕು. ಇದಕ್ಕಾಗಿ ನ್ಯಾನೊದಲ್ಲಿ ಪ್ರಚಲಿತವಿರುವ ಲೈಬ್ರರಿ ಎರಡು ಟೈಮರುಗಳನ್ನು ನುಂಗಿಬಿಡುತ್ತದೆ. ಜಲಾಶಯ ತುಂಬಿದಾಗ ಒಂದು ಬಜರ್ ಬಾರಿಸಬೇಕೆಂದು ಶಿಕ್ಷಕರು ಕೇಳಿದ್ದರು. ಬಜರನ್ನು ನುಡಿಸುವ ಟೋನ್ ಫಂಕ್ಷನ್ನಿಗೂ ಅದೇ ಟೈಮರುಗಳಲ್ಲೊಂದು ಬೇಕಾದ್ದರಿಂದ ಅದು ಇಲ್ಲಿ ಸಾಧ್ಯವಾಗಲಿಲ್ಲ. ಕಂಟ್ರೋಲರ್ ಸಿಕ್ಕಿಕೊಂಡು ಗಡಿಯಾರ ನಿಂತರೆ ಬೆಳಕಿನ ಹಂತಗಳೂ ಕೆಡುತ್ತವೆ.

ಇನ್ನು ಪಿಸಿಎ9685. ಇದು ಸ್ಥಿರ ಪ್ರವಾಹದ ಚಿಪ್ ಅಲ್ಲ, ಬರೀ ವೇಗವಾಗಿ ಆನ್ ಆಫ್ ಮಾಡಿ ಬೆಳಕನ್ನು ಹೊಂದಿಸುವಂಥದ್ದು. ನನ್ನ ಬೋರ್ಡಿನಲ್ಲಿ ಪ್ರತಿ ಚಾನೆಲ್‌ಗೂ 220 ಓಮ್ ರೆಸಿಸ್ಟರ್ ಮೊದಲೇ ಇದೆ. 5 ವೋಲ್ಟಿನಲ್ಲಿ, ಸುಮಾರು 3 ವೋಲ್ಟ್ ಬೇಡುವ ನೀಲಿ ಎಲ್‌ಇಡಿಗೆ ಲೆಕ್ಕದ ಪ್ರಕಾರ 9 ಮಿಲಿಆಂಪಿಯರ್ ಹರಿಯುತ್ತದೆ. ಈ ಚಿಪ್ ಹೊರಕೊಡುವ ಮಿತಿ 10 ಮಿಲಿಆಂಪಿಯರ್, ಆದ್ದರಿಂದ ನಕ್ಷೆಯ ಕೆಲಸಕ್ಕೆ ಇದು ಸರಿಹೊಂದಿತು. ಇನ್ನೂ ಕಡಿಮೆ ವೋಲ್ಟ್ ಬೇಡುವ ಕೆಂಪು ಎಲ್‌ಇಡಿ ಬಳಸುವವರು ಹೆಚ್ಚಿನ ರೆಸಿಸ್ಟರ್ ಸೇರಿಸಿಕೊಳ್ಳಬೇಕು. ಸ್ಕ್ರೂ ಟರ್ಮಿನಲ್ಲಿಗೆ ಕೊಟ್ಟ ವಿದ್ಯುತ್ತು ಚಿಪ್ಪಿಗೆ ತಲುಪುವುದಿಲ್ಲ, ಅದು ಸರ್ವೊ ಮೋಟಾರುಗಳಿಗೆ ಮಾತ್ರ. ಚಿಪ್ಪಿಗೆ ಬೇಕಾದದ್ದನ್ನು ವಿಸಿಸಿ ಪಿನ್ನಿಗೇ ಕೊಡಬೇಕು.

ಹೊಂದಿಸುವ ಕ್ರಮ ಹೀಗೆ. ವಿದ್ಯುತ್ತು ಬಂದೊಡನೆ ಚಿಪ್ ನಿದ್ರಾವಸ್ಥೆಯಲ್ಲಿರುತ್ತದೆ. ಆನ್ ಆಫ್ ಆಗುವ ಆವರ್ತನ ನಿರ್ಧರಿಸುವ ಪ್ರಿಸ್ಕೇಲ್ ರಿಜಿಸ್ಟರನ್ನು (ಚಿಪ್ಪಿನೊಳಗೆ ಸಂಖ್ಯೆ ಬರೆದಿಡುವ ಜಾಗ) ಆ ಸ್ಥಿತಿಯಲ್ಲಿ ಮಾತ್ರ ಬದಲಿಸಬಹುದು. ಎಚ್ಚರವಾದ ಮೇಲೆ ಬರೆದದ್ದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಮೊದಲು ಪ್ರಿಸ್ಕೇಲ್ ಬರೆದು, ನಂತರ ಮೋಡ್1 ರಿಜಿಸ್ಟರಿನಲ್ಲಿ ನಿದ್ರೆಯ ಬಿಟ್ ಇಳಿಸಿ, ವಿಳಾಸ ತಾನೇ ಮುಂದುವರಿಯುವ ಬಿಟ್ ಏರಿಸಿ, ಆಸಿಲೇಟರ್ ನೆಲೆಗೊಳ್ಳಲು 500 ಮೈಕ್ರೊಸೆಕೆಂಡ್ ಕಾಯಬೇಕು. ತಯಾರಿಕೆಯ ಮೌಲ್ಯದಲ್ಲೇ ಬಿಟ್ಟರೆ ಆವರ್ತನ ಸುಮಾರು 200 ಹರ್ಟ್ಸ್. ಕಣ್ಣಿಗೆ ಅದು ಸಾಕು, ಆದರೆ ಮೊಬೈಲಿನಲ್ಲಿ ವಿಡಿಯೊ ಮಾಡಿದಾಗ ಬೆಳಕು ಪಟ್ಟೆ ಪಟ್ಟೆಯಾಗಿ ಓಡಿತು. ಪ್ರಿಸ್ಕೇಲ್‌ಗೆ 3 ಬರೆದು 1526 ಹರ್ಟ್ಸಿಗೆ ಏರಿಸಿದ ಮೇಲೆ ನನ್ನ ಫೋನಿನಲ್ಲಿ ಅದು ಕಾಣಿಸಲಿಲ್ಲ. ಬಸ್ಸನ್ನು ಸ್ಕ್ಯಾನ್ ಮಾಡಿದಾಗ ಬೋರ್ಡಿನ ವಿಳಾಸವಾದ ಹೆಕ್ಸ್ 40ರ ಜೊತೆಗೆ ಹೆಕ್ಸ್ 70 ಕೂಡ ಕಾಣುತ್ತದೆ. ಅದು ಎಲ್ಲ ಬೋರ್ಡುಗಳನ್ನೂ ಒಟ್ಟಿಗೆ ಕರೆಯುವ ವಿಳಾಸ, ಗಾಬರಿಯಾಗಬೇಕಿಲ್ಲ.

ಒಮ್ಮೆ ಬರೆದ ಮೇಲೆ ಚಿಪ್ ತನ್ನ 25 ಮೆಗಾಹರ್ಟ್ಸ್ ಆಸಿಲೇಟರಿನಿಂದ ತಾನೇ ನಡೆಯುತ್ತದೆ. ನ್ಯಾನೊವನ್ನು ರಿಸೆಟ್ ಮಾಡಿದರೂ ಹೊಸ ಆದೇಶ ಬರುವವರೆಗೆ ಹದಿನಾರು ದೀಪಗಳೂ ಇದ್ದ ಬೆಳಕಿನಲ್ಲೇ ಇರುತ್ತವೆ. ನನಗೆ ಎಲ್ಲಕ್ಕಿಂತ ಹಿಡಿಸಿದ ಗುಣ ಇದು.

ಮಂದ ಬೆಳಕಿನ ವಿಷಯದಲ್ಲೂ ಮೊದಲ ಬೋರ್ಡಿಗಿಂತ ಇದೇ ಮೇಲು. ಕಣ್ಣಿನ ಗ್ರಹಿಕೆಗೆ ಹೊಂದಿಸಲು ನಾನು 2.2ರ ಗಾಮಾ ಬಳಸುತ್ತೇನೆ, ಅಂದರೆ ನೀರಿನ ಪ್ರಮಾಣವನ್ನು 2.2ರ ಘಾತಕ್ಕೆ ಏರಿಸಿ ಬೆಳಕು ನಿರ್ಧರಿಸುತ್ತೇನೆ. ಮೊದಲ ಬೋರ್ಡಿನಲ್ಲಿ ಬೆಳಕಿನ ರಿಜಿಸ್ಟರು 8 ಬಿಟ್ಟಿನದು, ಶೇ. 10ರಷ್ಟು ನೀರಿರುವ ಜಲಾಶಯಕ್ಕೆ ಅದರಲ್ಲಿ ಸಿಗುವ ಸಂಖ್ಯೆ 2, ಅದಕ್ಕಿಂತ ಕೆಳಗೆ ಉಳಿಯುವುದು 1 ಮತ್ತು ಸೊನ್ನೆ. ಪಿಸಿಎ9685ರ 12 ಬಿಟ್ಟಿನಲ್ಲಿ ಅದೇ ಜಾಗಕ್ಕೆ 26 ಸಿಗುತ್ತದೆ. ಬೇಸಿಗೆಯಲ್ಲಿ ಬತ್ತುತ್ತಿರುವ ಜಲಾಶಯ ದಿನದಿಂದ ದಿನಕ್ಕೆ ಮಂಕಾಗುವುದನ್ನು ಮಕ್ಕಳು ನೋಡಬೇಕಾದರೆ ಈ ಹಂತಗಳು ಬೇಕೇ ಬೇಕು.

ಬಣ್ಣ ಬೆರೆಸುವ ಪ್ರದರ್ಶನ ಫಲಕ ಮಾಡುವವರಿಗೆ, ಎಲ್‌ಇಡಿಗಳ ನಡುವಿನ ಸಣ್ಣ ಭೇದವೂ ಕಣ್ಣಿಗೆ ಬೀಳುವ ಕಡೆ, ಟಿಎಲ್‌ಸಿ5940 ಹೆಚ್ಚು ಉಪಯುಕ್ತ. ನಾನು ಮಾಡುವುದು ಒಂದೆರಡು ಪ್ರತಿಗಳ ಶಾಲಾ ಮಾದರಿಗಳನ್ನು, ಹಣ ಕೊಡುವುದು ಶಾಲೆಯ ಪುಟ್ಟ ನಿಧಿ, ಬೋರ್ಡು ಕೆಟ್ಟರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದವರಾರಾದರೂ ತಂದುಕೊಡುವಂತಿರಬೇಕು. ಮುಂದಿನ ವರ್ಷ ನದಿಗಳ ಹರಿವನ್ನೂ ಸೇರಿಸಬೇಕೆಂದು ಶಿಕ್ಷಕರು ಕೇಳಿದ್ದಾರೆ. ಅದಕ್ಕೆ ಇನ್ನೊಂದು ಪಿಸಿಎ9685 ತಂದು, ಎ0 ಎಂಬಲ್ಲಿ ಒಂದು ಹನಿ ಬೆಸುಗೆ ಹಾಕಿ ಹೆಕ್ಸ್ 41ಕ್ಕೆ ಬದಲಿಸಿ, ಅವೇ ಎರಡು ತಂತಿಗಳಿಗೆ ಜೋಡಿಸಿದರೆ ಆಯಿತು.